ಬಾಡಿಗೆಯ ಕಾಡು, ಬಾಡಿಗೆಯ ದರ್ಬಾರು

ಕೋಲಾರ ತಾಲ್ಲೂಕಿನ ಹೋಬಳಿ ಕೇಂದ್ರವಾದ ನರಸಾಪುರವು ಬೆಂಗಳೂರು ಹೆದ್ದಾರಿ ಬದಿಯ ಕೈಗಾರಿಕಾ ಪ್ರದೇಶದಿಂದಾಗಿ ಇಂದು ಹೆಚ್ಚು ಪರಿಚಿತವಾಗಿದ್ದರೂ, ಅದು ಸೇರಿದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಳ್ಳಿಗಳಲ್ಲಿ ಊರಹಬ್ಬ, ಜಾತ್ರೆಗಳ ಸಂದರ್ಭದಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕವಾಡುವ ರೂಢಿ ಉಳಿದುಬಂದಿದೆ. ಅವುಗಳಲ್ಲಿ ಬಹು ಜನಪ್ರಿಯವಾದುದು ‘ಕುರುಕ್ಷೇತ್ರ’. ಪಾತ್ರ ವಹಿಸುವವರು ಊರಿನ ರೈತರು, ನೌಕರರು. ಹಾರ್ಮೋನಿಯಂ ನುಡಿಸುತ್ತ ಅವರಿಗೆ ಹಾಡು, ಮಾತು ಕಲಿಸುವವರು ‘ಡ್ರಾಮಾ ಮೇಷ್ಟ್ರು’. ಆದರೆ ಹದಿನೆಂಟು ದಿನಗಳ ಯುದ್ಧಕಥೆಗೆ ಬೇಕಾದ ಅರಮನೆ, ಅರಣ್ಯ, ನದೀತೀರ, ರಣರಂಗಗಳನ್ನು ಒಂದು ರಾತ್ರಿಗಾಗಿ ಸ್ವಂತ ಖರ್ಚಿನಲ್ಲಿ ಕಟ್ಟಿಸುವುದು ಹಳ್ಳಿಯೊಂದಕ್ಕೆ ನಿಲುಕುವ ಮಾತಲ್ಲವಾದ್ದರಿಂದ, ಅವೆಲ್ಲವನ್ನೂ ಬಾಡಿಗೆಗೆ ಒದಗಿಸುವ ‘ಡ್ರಾಮಾ ಸೀನರಿ’ ಎಂಬ ಕಸುಬು ಬೆಳೆದಿದೆ.

ಸೀನರಿ ಎಂಬುದು ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಬಹುದಾದ ಇಡೀ ರಂಗಸಜ್ಜಿಕೆಯ ಹೆಸರು. ಒಂದರ ಹಿಂದೊಂದು ತೂಗುವ ಚಿತ್ರಿತ ಪರದೆಗಳು, ನಟರು ಬಂದುಹೋಗುವ ದಾರಿಯನ್ನು ಇಕ್ಕೆಲಗಳಲ್ಲಿ ಮರೆಮಾಡುವ ‘ಸೈಡ್‌ವಿಂಗ್’ಗಳು, ಮೇಲಿನ ತೊಲೆ ಹಗ್ಗಗಳು ಕಾಣದಂತೆ ಅಡ್ಡಲಾಗಿ ಇಳಿಬಿಡುವ ಝಾಲರಿ, ಇವುಗಳೊಂದಿಗೆ ಸಿಂಹಾಸನ, ಹಲಗೆಯಲ್ಲಿ ಕತ್ತರಿಸಿ ಬಣ್ಣ ಹಚ್ಚಿದ ರಥ, ಕುದುರೆ ಮುಂತಾದವು ಲಾರಿಯೇರಿ ಊರಿಂದೂರಿಗೆ ಹೋಗುತ್ತವೆ.

ಈ ಸೀಮೆಯ ಹಳೆಯ ಬಯಲಾಟವಾದ ಕೇಳಿಕೆಗೆ ಇಂಥ ಸಲಕರಣೆಯ ಅಗತ್ಯವಿರಲಿಲ್ಲ. ಪಾತ್ರಧಾರಿಯ ಹಾಡು ಮತ್ತು ಮಾತುಗಳೇ ಪ್ರೇಕ್ಷಕನ ಕಣ್ಣೆದುರು ಕಾಡನ್ನೂ ಕೋಟೆಯನ್ನೂ ನಿಲ್ಲಿಸುತ್ತಿದ್ದವು. ಚಿತ್ರಿತ ಪರದೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಪಾರ್ಸಿ ನಾಟಕ ಮಂಡಳಿಗಳ ಪ್ರಭಾವದಿಂದ ದಕ್ಷಿಣಕ್ಕೆ ಹರಡಿ, ಮೈಸೂರು ಅರಮನೆಯ ಆಶ್ರಯದ ನಾಟಕ ಸಭೆ ಹಾಗೂ 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಗಳ ಮೂಲಕ ಕನ್ನಡ ವೃತ್ತಿರಂಗಭೂಮಿಯ ಅಂಗವಾಯಿತು. ಗುಬ್ಬಿ ವೀರಣ್ಣನವರು 1930ರ ದಶಕದಲ್ಲಿ ‘ಕುರುಕ್ಷೇತ್ರ’ವನ್ನು ಆನೆ, ಕುದುರೆಗಳ ಸಮೇತ ರಂಗಕ್ಕೆ ತಂದರು. ಕಂಪನಿಗಳ ಆ ವೈಭವವನ್ನು ಹಳ್ಳಿಯ ಹಣಬಲಕ್ಕೆ ಹೊಂದಿಸಿದ್ದು ಬಾಡಿಗೆಯ ಸೀನರಿ.

ಪರದೆಯ ತಯಾರಿಕೆಯನ್ನು ನಿರ್ಧರಿಸುವುದು ಅದರ ಮರುಬಳಕೆಯೇ. ಹತ್ತಿಬಟ್ಟೆಯ ಪಟ್ಟಿಗಳನ್ನು ಸೇರಿಸಿ ಹೊಲಿದು, ಅಂಟು ಬೆರೆಸಿದ ಬಿಳಿಬಣ್ಣವನ್ನು ತೆಳುವಾಗಿ ಬಳಿದು ಒಣಗಿಸಿ, ಚಿಕ್ಕ ನಕ್ಷೆಯ ಮೇಲೆ ಎಳೆದ ಚೌಕಗಳನ್ನು ಅಳತೆ ಹಿಗ್ಗಿಸಿ ಬಟ್ಟೆಯ ಮೇಲೆ ಮೂಡಿಸಿಕೊಂಡ ಬಳಿಕ ಚಿತ್ರ ಬರೆಯುವುದು ಸಾಂಪ್ರದಾಯಿಕ ಕ್ರಮ. ಬಣ್ಣ ದಪ್ಪವಾದರೆ ಸುತ್ತಿ ಬಿಚ್ಚುವಾಗ ಬಿರಿದು ಉದುರುತ್ತದೆ. ನೀರು ತಗುಲಿದರೆ ಅಂಟುಬಣ್ಣ ಕದಡುತ್ತದೆ. ಬಣ್ಣ ಬಿರಿಯದಿರಲೆಂದೇ ಪರದೆಯನ್ನು ಮಡಿಸದೆ ಕೆಳಅಂಚಿನ ಬಿದಿರುಗಳಕ್ಕೆ ಸುತ್ತಿಡಲಾಗುತ್ತದೆ. ದೂರ ಹೋದಂತೆ ಕಿರಿದಾಗುತ್ತ ಒಂದೇ ಬಿಂದುವಿನತ್ತ ಸಾಗುವ ಕಂಬಸಾಲು ಮತ್ತು ನೆಲಹಾಸುಗಳನ್ನು ಬರೆದು ಕೆಲವೇ ಅಡಿ ಆಳದ ಅಟ್ಟಣೆಯನ್ನು ವಿಶಾಲ ದರ್ಬಾರಿನಂತೆ ತೋರಿಸಲಾಗುತ್ತದೆ. ಬೀದಿಯ ಪರದೆ ಅಟ್ಟಣೆಯ ಮುಂಭಾಗದಲ್ಲಿ ಇಳಿಯುವುದರಿಂದ, ಅದರೆದುರು ಹಾಸ್ಯದ ಸನ್ನಿವೇಶವೊಂದು ನಡೆಯುವಷ್ಟರಲ್ಲಿ ಹಿಂದೆ ಸಿಂಹಾಸನವನ್ನಿಟ್ಟು ಮುಂದಿನ ದೃಶ್ಯವನ್ನು ಅಣಿಗೊಳಿಸಬಹುದು.

ಮರುಬಳಕೆಯ ಎರಡನೆಯ ನಿಯಮವು ಚಿತ್ರದ ವಸ್ತುವಿಗೆ ಸಂಬಂಧಿಸಿದ್ದು. ದರ್ಬಾರಿನ ಪರದೆಯಲ್ಲಿ ಹಸ್ತಿನಾವತಿಯ ಗುರುತೇನೂ ಇರುವುದಿಲ್ಲ. ಇದ್ದರೆ ಅದು ಲಂಕೆಗೂ ಹರಿಶ್ಚಂದ್ರನ ಅಯೋಧ್ಯೆಗೂ ಒದಗದು. ಪಾಂಡವರ ವನವಾಸಕ್ಕೆ ಬಳಸಿದ ಕಾಡಿನಲ್ಲೇ ‘ಸಂಪೂರ್ಣ ರಾಮಾಯಣ’ದ ಸೀತಾಪಹರಣವೂ ನಡೆಯಬೇಕು. ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳನ್ನು ನಡೆಸುವ ಪಾಶ್ಚಾತ್ಯ ಯುದ್ಧದಾಟಗಳಲ್ಲೂ ಇದೇ ತರ್ಕವಿದೆ. ಪ್ರಷ್ಯದ ರೈಸ್‌ವಿಟ್ಸ್ 1812ರಲ್ಲಿ ತನ್ನ ದೊರೆಗೆ ಒಪ್ಪಿಸಿದ ಯುದ್ಧದಾಟದ ಮೇಜಿನಲ್ಲಿ ನದಿ, ರಸ್ತೆ, ಗುಡ್ಡಗಳನ್ನುಳ್ಳ ಬಿಲ್ಲೆಗಳಿದ್ದು, ಅವನ್ನು ಬೇರೆಬೇರೆಯಾಗಿ ಜೋಡಿಸಿ ಪ್ರತಿ ಆಟಕ್ಕೂ ಹೊಸ ರಣಭೂಮಿಯನ್ನು ರಚಿಸಬಹುದಿತ್ತು. ಇಂದಿನ ಅದ್ಭುತಕಥೆಗಳ ಯುದ್ಧದಾಟಗಳಿಗೆ ಹವ್ಯಾಸಿಗಳು ಹಗುರವಾದ ಫೋಮ್ ಹಲಗೆಯಿಂದ ಕೊರೆಯುವ ಗುಡ್ಡ, ಪಾಳುಗೋಡೆಗಳೂ ಯಾವುದೇ ಒಂದು ಕಾಳಗಕ್ಕೆ ಮೀಸಲಾಗಿರಬೇಕಿಲ್ಲ.

ಈಚಿನ ವರ್ಷಗಳಲ್ಲಿ ಗಣಕದಲ್ಲಿ ಮುದ್ರಿಸಿದ ಫ್ಲೆಕ್ಸ್ ಪರದೆಗಳು ಕೈಯಿಂದ ಬರೆದ ಪರದೆಗಳ ಜಾಗಕ್ಕೆ ಬರುತ್ತಿವೆ. ಬೇಕಾದ ದೃಶ್ಯವನ್ನು ಬೇಕೆಂದಾಗ ಮುದ್ರಿಸಿಕೊಳ್ಳಬಹುದಾದ ಮೇಲೆ, ಒಂದೇ ಕಾಡನ್ನು ಹತ್ತು ನಾಟಕಗಳಿಗೆ ಒದಗುವಂತೆ ಬರೆಯಬೇಕಾದ ನಿರ್ಬಂಧ ಸಡಿಲವಾಗುತ್ತದೆ. ಚಿತ್ರಕಾರನು ವಿವರಗಳನ್ನು ಬಿಟ್ಟುಕೊಟ್ಟು ಸಾಧಿಸುತ್ತಿದ್ದ ವ್ಯಾಪ್ತಿ ಆ ನಿರ್ಬಂಧದ ಫಲವೇ ಆಗಿದ್ದುದರಿಂದ, ಬಣ್ಣ ಬಳಿಯುವ ಕೈಚಳಕದಷ್ಟೇ ಏನನ್ನು ಬರೆಯದೆ ಬಿಡಬೇಕೆಂಬ ತಿಳಿವಳಿಕೆಯೂ ಈ ಕಸುಬಿನ ಇತಿಹಾಸದಲ್ಲಿ ದಾಖಲಾಗಬೇಕಾಗಿದೆ.