ಊರಿನ ಹೆಸರಿಲ್ಲದ ಗಳಿಗೆ

ವಯನಾಡಿನ ಕನ್ನಡ ಮನೆಗಳ ಗೋಡೆಯ ಮೇಲೆ ಎರಡು ಕ್ಯಾಲೆಂಡರುಗಳು ತೂಗುವುದು ಹೊಸತೇನೂ ಅಲ್ಲ. ಒಂದು ಮಲಯಾಳದ್ದು. ಕರ್ಕಾಟಕ ಮಾಸದ ಅಮಾವಾಸ್ಯೆ ಯಾವ ದಿನ, ತಿರುನೆಲ್ಲಿಯ ಪಾಪನಾಶಿನಿಗೆ ಹೋಗುವವರ ನೂಕುನುಗ್ಗಲು ಎಂದಿಗೆ, ಶಾಲೆಗೆ ರಜೆ ಎಂದು ಎಂಬುದನ್ನೆಲ್ಲ ಅದರಲ್ಲಿ ನೋಡಿಕೊಳ್ಳಬೇಕು. ಇನ್ನೊಂದು ಕನ್ನಡದ್ದು, ಪಂಚಾಂಗದೊಡನೆ. ಯುಗಾದಿ, ಏಕಾದಶಿ, ಹಿರಿಯರ ಶ್ರಾದ್ಧದ ತಿಥಿ ಇವೆಲ್ಲ ಅದರ ಪಾಲು. ಇತ್ತೀಚಿನ ವರ್ಷಗಳಲ್ಲಿ ಮೂರನೆಯದೊಂದು ಬಂದು ಸೇರಿದೆ. ಅದು ಗೋಡೆಯ ಮೇಲಿಲ್ಲ, ಕಿಸೆಯಲ್ಲಿದೆ. ಮಕ್ಕಳು ಹೊರದೇಶಗಳಲ್ಲಿರುವ ಮನೆಗಳಿಗಂತೂ ಈ ಮೂರನೆಯದೇ ಮುಖ್ಯವಾಗುತ್ತಿದೆ. ಅದನ್ನು ನಂಬಿ ನಾನು ಕೆಟ್ಟ ಬಗೆಯನ್ನು, ಆ ಬಳಿಕ ಕಲಿತುದನ್ನು ಇಲ್ಲಿ ಬರೆಯುತ್ತಿದ್ದೇನೆ.

2022ರ ಡಿಸೆಂಬರ್ 11, ಭಾನುವಾರ. ಅಂದು ನಮ್ಮ ಚಿಕ್ಕಪ್ಪನವರ ಸಹಸ್ರ ಚಂದ್ರದರ್ಶನ ಶಾಂತಿ. ಕಲಶಾಭಿಷೇಕದ ಮುಹೂರ್ತ ಬೆಳಿಗ್ಗೆ ಹತ್ತೂವರೆಗೆಂದು ಪುರೋಹಿತರು ಗೊತ್ತುಮಾಡಿದ್ದರು. ಮಗಳು ಲಂಡನ್ನಿನಲ್ಲಿ, ಮಗ ದುಬಾಯಿಯಲ್ಲಿ, ಹಿರಿಯ ಮೊಮ್ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ. ಮೂವರಿಗೂ ಬರುವ ಅನುಕೂಲವಾಗಲಿಲ್ಲ. ತಂದೆಯ ತಲೆಯ ಮೇಲೆ ಕಲಶೋದಕ ಬೀಳುವ ಐದು ನಿಮಿಷವನ್ನಾದರೂ ಪರದೆಯ ಮೇಲೆ ನೋಡಿ ಕೈಮುಗಿಯಬೇಕೆಂದು ಮಗಳ ಆಸೆ. ಆ ಏರ್ಪಾಡನ್ನು ನಾನು ವಹಿಸಿಕೊಂಡೆ. ಮನೆಯ ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ದಿನವನ್ನೂ ಹತ್ತೂವರೆಯ ಹೊತ್ತನ್ನೂ ನಮೂದಿಸಿ, ಅದನ್ನೊಂದು ಕಡತವಾಗಿ ತೆಗೆದು ಮೂವರಿಗೂ ಇ-ಮೇಲಿನಲ್ಲಿ ಕಳುಹಿಸಿದೆ. ಮೂವರೂ ತಮ್ಮ ತಮ್ಮ ಫೋನಿಗೆ ಅದನ್ನು ಇಳಿಸಿಕೊಂಡರು. ಕೆಲಸ ಮುಗಿಯಿತೆಂದು ನಾನು ಹಾಯಾಗಿದ್ದೆ.

ಹತ್ತೂವರೆಯಾಯಿತು, ಪರದೆಯ ಮೇಲೆ ಯಾರೂ ಇಲ್ಲ. ಮುಹೂರ್ತ ಯಾರಿಗಾಗಿಯೂ ಕಾಯುವುದಿಲ್ಲವಷ್ಟೆ. ಅಭಿಷೇಕ ಮುಗಿಯಿತು, ಆರತಿಯಾಯಿತು, ಊಟವಾಗಿ ಎಲೆ ತೆಗೆದುದೂ ಆಯಿತು. ಸಂಜೆ ಸರಿಯಾಗಿ ನಾಲ್ಕು ಗಂಟೆಗೆ ಲಂಡನ್ನಿನ ತಂಗಿಯೂ ದುಬಾಯಿಯ ತಮ್ಮನೂ ಒಂದೇ ಕ್ಷಣಕ್ಕೆ ಬಂದರು. ತಂಗಿ ರೇಷ್ಮೆ ಸೀರೆಯುಟ್ಟು, ಎದುರಿಗೆ ದೀಪ ಹಚ್ಚಿಟ್ಟು ಕುಳಿತಿದ್ದಳು. "ಅಣ್ಣಾ, ಶುರುವಾಯಿತೇ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಒಂಬತ್ತಕ್ಕೆ ನ್ಯೂಜೆರ್ಸಿಯ ಹುಡುಗ ಬಂದ. ಅಷ್ಟರಲ್ಲಿ ಚಿಕ್ಕಪ್ಪ ನಿದ್ದೆಹೋಗಿದ್ದರು. ಅವರು ಆಮೇಲೆ ಕಂಡದ್ದು ಒಂದೇ ಮಳೆಗಾಲ.

ಆ ಕಡತವನ್ನು ಎಷ್ಟೋ ದಿನ ನಾನು ತೆರೆದು ನೋಡಲಿಲ್ಲ. ಕೊನೆಗೆ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತೋರಿಸಿದ. ಐಸಿಎಸ್ ಎಂಬ ಬಾಲವುಳ್ಳ ಈ ಕಡತ ಒಳಗೆ ಬರಿಯ ಅಕ್ಷರಗಳ ಚೀಟಿ. ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳು ಒಂದರ ಬರಹವನ್ನು ಇನ್ನೊಂದು ಓದಲೆಂದು 1998ರಲ್ಲಿ ಐ-ಕ್ಯಾಲೆಂಡರ್ ಎಂಬ ಈ ಮಾದರಿಯನ್ನು ಗೊತ್ತುಮಾಡಿದರು; 2009ರಲ್ಲಿ ಪರಿಷ್ಕರಿಸಿದರು. ನನ್ನ ಚೀಟಿಯಲ್ಲಿ ಆರಂಭದ ಹೊತ್ತಿನ ಸಾಲು ಹೀಗಿತ್ತು: 20221211, ಅದರ ಮುಂದೆ ರೋಮನ್ ಲಿಪಿಯ 'ಟಿ' ಅಕ್ಷರ, ಅದರ ಮುಂದೆ 103000. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ಸರಿ. ಯಾವ ಊರಿನ ಹತ್ತೂವರೆ ಎಂಬುದು ಮಾತ್ರ ಇರಲಿಲ್ಲ.

ಮಾದರಿಯ ಪ್ರಕಾರ ಹೊತ್ತನ್ನು ಮೂರು ರೀತಿಯಲ್ಲಿ ಬರೆಯಬಹುದು. ಕೊನೆಗೆ 'ಝಡ್' ಅಕ್ಷರವಿದ್ದರೆ ಅದು ಯುಟಿಸಿ ಎಂದು ಕರೆಯುವ ವಿಶ್ವಸಮಯ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಸಾಲಿನ ಮೊದಲಲ್ಲಿ 'ಟಿಝಡ್‌ಐಡಿ' ಎಂದು ಬರೆದು ಊರಿನ ಹೆಸರು ಕೊಟ್ಟಿದ್ದರೆ ಅದು ಆ ಊರಿನ ಸಮಯ. ಎರಡೂ ಇಲ್ಲದಿದ್ದರೆ ಅದು ತೇಲುವ ಸಮಯ. ಓದುವವನು ಎಲ್ಲಿದ್ದಾನೋ ಅಲ್ಲಿಯ ಹತ್ತೂವರೆ. ಲಂಡನ್ನಿನ ಫೋನು ಅದನ್ನು ಲಂಡನ್ನಿನ ಹತ್ತೂವರೆಯೆಂದು ಓದಿತು. ನಮಗೆ ಆಗ ಸಂಜೆ ನಾಲ್ಕು. ನ್ಯೂಜೆರ್ಸಿಯ ಫೋನು ಅಲ್ಲಿಯ ಹತ್ತೂವರೆಯೆಂದು ಓದಿತು. ನಮಗೆ ರಾತ್ರಿ ಒಂಬತ್ತು. ದುಬಾಯಿಯ ತಮ್ಮನ ತಂತ್ರಾಂಶ ಮಾತ್ರ ಬೇರೆ ದಾರಿ ಹಿಡಿಯಿತು: ಹೆಸರಿಲ್ಲದ ಹೊತ್ತೆಲ್ಲ ವಿಶ್ವಸಮಯವೆಂದು ತಾನೇ ಊಹಿಸಿ, ಅದಕ್ಕೆ ನಾಲ್ಕು ಗಂಟೆ ಕೂಡಿಸಿ ಮಧ್ಯಾಹ್ನ ಎರಡೂವರೆಯೆಂದು ತೋರಿಸಿತು. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರವೂ ವಿಶ್ವಸಮಯವೂ ಒಂದೇ ಆದಕಾರಣ, ಬೇರೆ ಬೇರೆ ತಪ್ಪಿನಿಂದ ಹೊರಟ ಇಬ್ಬರೂ ನಾಲ್ಕು ಗಂಟೆಗೇ ಬಂದು ಸೇರಿದರು.

ಐದೂವರೆ ಗಂಟೆಯೆಂದರೆ ಹದಿಮೂರು ಮುಕ್ಕಾಲು ಗಳಿಗೆ. ಭಾರತದವರ ಕ್ಯಾಲೆಂಡರಿನಲ್ಲಿ ಹೊತ್ತು ಸರಿಯಾಗಿ ಇಷ್ಟೇ ಹಿಂದು ಮುಂದಾಗಿದ್ದರೆ, ಎಲ್ಲಿಯೋ ವಿಶ್ವಸಮಯಕ್ಕೂ ನಮ್ಮ ಸಮಯಕ್ಕೂ ಅದಲುಬದಲಾಗಿದೆಯೆಂದು ಮೊದಲು ಸಂಶಯಪಡಬೇಕು.

ನಾಚಿಕೆಯ ಸಂಗತಿಯೆಂದರೆ, ಊರಿನ ಹೆಸರಿಲ್ಲದೆ ಹೊತ್ತು ಹೇಳಬಾರದೆಂಬುದು ನಮಗೆ ತಿಳಿಯದ ವಿಷಯವಲ್ಲ. ಯಾವ ಊರಿನ ಅಕ್ಷಾಂಶ ರೇಖಾಂಶಗಳಿಗೆ ಗಣಿಸಿದ್ದೆಂದು ಪಂಚಾಂಗ ಮೊದಲೇ ಹೇಳಿಬಿಡುತ್ತದೆ. ಭಾರತೀಯ ಸಮಯ ನಿಂತಿರುವುದು ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕಲ್ಪಟ್ಟ ಇರುವುದು ಸುಮಾರು 76 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ಸೂರ್ಯನು ನಮ್ಮ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ವರ್ಷದ ಸರಾಸರಿಯಲ್ಲಿ ಹನ್ನೆರಡೂ ಇಪ್ಪತ್ತಾರರ ಹೊತ್ತಿಗೆ.

ಈಗಿನ ಏಕರೂಪದ ಸಮಯವೂ ಅನಾದಿಯಲ್ಲ. ಮಲಬಾರು ಮದರಾಸು ಆಧಿಪತ್ಯದಲ್ಲಿದ್ದ ಕಾಲದಲ್ಲಿ ರೈಲುಗಳು ಮದರಾಸಿನ ವೇಧಶಾಲೆಯ ಸಮಯಕ್ಕೆ ಓಡುತ್ತಿದ್ದವು. ಅದು ಗ್ರೀನ್‌ವಿಚ್ಚಿಗಿಂತ ಐದು ಗಂಟೆ ಇಪ್ಪತ್ತೊಂದು ನಿಮಿಷ ಮುಂದೆ. ರೈಲನ್ನೇ ಕಾಣದ ನಮ್ಮ ಘಟ್ಟದ ಮೇಲೆ ಅದರಿಂದ ಯಾರಿಗೆ ಎಷ್ಟು ಬಾಧಕವಾಯಿತೋ! 1906ರ ಜನವರಿ 1ರಂದು ಭಾರತೀಯ ಸಮಯ ಬಂದರೂ ಕೋಲ್ಕತಾ 1948ರ ವರೆಗೆ, ಮುಂಬಯಿ 1955ರ ವರೆಗೆ ತಮ್ಮ ಹಳೆಯ ಸಮಯವನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧದ ನಡುವೆ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟಿದ್ದರು. 1945ರ ಅಕ್ಟೋಬರಿನಲ್ಲಿ ಅದು ಮರಳಿ ಮೊದಲಿನಂತಾಯಿತು.

ಇಂಥ ಬದಲಾವಣೆಗಳನ್ನೆಲ್ಲ ಊರೂರಿಗೆ ಕೂಡಿಸಿಟ್ಟ ದಾಖಲೆಯೊಂದಿದೆ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಆರಂಭಿಸಿದ್ದು. ಬಹಳಷ್ಟು ಫೋನುಗಳೂ ಕಂಪ್ಯೂಟರುಗಳೂ ಹೊತ್ತನ್ನು ತಿಳಿಯುವುದು ಅದರಿಂದಲೇ. ಅದರಲ್ಲಿ ನಮಗೆಲ್ಲರಿಗೂ ಇರುವ ಹೆಸರು 'ಏಷ್ಯಾ/ಕೋಲ್ಕತಾ'. ಮೊದಲು 'ಏಷ್ಯಾ/ಕಲ್ಕತ್ತಾ' ಎಂದಿತ್ತು; ನಗರದ ಹೆಸರು ಬದಲಾದ ಮೇಲೆ ಇದೂ ಬದಲಾಯಿತು. ಹಳೆಯ ಹೆಸರಿನಲ್ಲಿ ಬರೆದ ಕಡತ ಈಗಲೂ ಕಣ್ಣಿಗೆ ಬೀಳುವುದುಂಟು. ಹೆದರಬೇಕಾಗಿಲ್ಲ, ಎರಡೂ ಒಂದೇ. ವಿಂಡೋಸ್ ಲೋಕದಲ್ಲಿ ಇದಕ್ಕೇ 'ಇಂಡಿಯಾ ಸ್ಟ್ಯಾಂಡರ್ಡ್ ಟೈಮ್' ಎಂದು ಇನ್ನೊಂದು ಹೆಸರು. ಒಂದು ಕಡೆಯ ಹೆಸರನ್ನು ಇನ್ನೊಂದು ಕಡೆಯ ತಂತ್ರಾಂಶ ಗುರುತಿಸದೆ ಹೋದರೆ, ಊರನ್ನು ಕೈಬಿಟ್ಟು ಗಂಟೆಯನ್ನಷ್ಟೇ ಇಟ್ಟುಕೊಳ್ಳುತ್ತದೆ. 'ಐಎಸ್‌ಟಿ' ಎಂಬ ಮೂರಕ್ಷರವನ್ನಂತೂ ನೆಚ್ಚಲೇಬಾರದು. ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಅದನ್ನೇ ಬಳಸುತ್ತಾರೆ.

ತಪ್ಪಾದ ಕಡತವನ್ನು ತಿದ್ದುವುದು ಕಷ್ಟವಲ್ಲ. ಒಮ್ಮೆ ಮಾತ್ರ ನಡೆಯುವ ಕಾರ್ಯವಾದರೆ, ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದು ಕೊನೆಗೆ 'ಝಡ್' ಸೇರಿಸಿದರೆ ಸಾಕು. ನನ್ನ 103000 ಎಂಬುದು 050000 ಆಗಿ, ಅದರ ಮುಂದೆ 'ಝಡ್' ಇದ್ದಿದ್ದರೆ, ತಂಗಿಗೆ ಬೆಳಗಿನ ಐದು, ತಮ್ಮನಿಗೆ ಒಂಬತ್ತು, ಹುಡುಗನಿಗೆ ನಡುರಾತ್ರಿ ಹನ್ನೆರಡು ಎಂದು ಸರಿಯಾಗಿಯೇ ಕಾಣುತ್ತಿತ್ತು. ಮುಗಿಯುವ ಹೊತ್ತಿನ ಸಾಲನ್ನೂ ಹಾಗೆಯೇ ತಿದ್ದಬೇಕು. ಬ್ರಾಹ್ಮೀ ಮುಹೂರ್ತದ ಗೃಹಪ್ರವೇಶಗಳಲ್ಲಿ ಎಚ್ಚರ ಅಗತ್ಯ: 12ನೆಯ ತಾರೀಕಿನ ಬೆಳಗಿನ ನಾಲ್ಕೂವರೆಯಿಂದ ಐದೂವರೆ ಗಂಟೆ ಕಳೆದರೆ ಅದು 11ರ ರಾತ್ರಿಯ ಹನ್ನೊಂದು. ತಾರೀಕೂ ಬದಲಾಗಬೇಕು. ಇಷ್ಟೆಲ್ಲ ಏಕೆ ಎನ್ನುವವರು, ನಮೂದಿಸುವಾಗಲೇ ಕಾಲವಲಯದ ಜಾಗದಲ್ಲಿ ಕೋಲ್ಕತಾವನ್ನು ಆರಿಸಿಕೊಂಡರೆ ಸರಿ. ಮತ್ತೆ ಕಳುಹಿಸುವ ಮುನ್ನ ಹಳೆಯ ನಮೂದನ್ನು ಅಳಿಸುವಂತೆ ಎಲ್ಲರಿಗೂ ತಿಳಿಸಬೇಕು. ಇಲ್ಲವಾದರೆ ಒಂದೇ ಕಾರ್ಯಕ್ಕೆ ಎರಡು ಮುಹೂರ್ತವಾಗುತ್ತದೆ. ಫೋನಿನ ಗಡಿಯಾರವನ್ನೇ ತಿರುಗಿಸಿ ಈ ತಪ್ಪನ್ನು ಸರಿಪಡಿಸಹೊರಡುವವರನ್ನು ಕಂಡಿದ್ದೇನೆ. ಅದರಿಂದ ಒಂದು ಸರಿಯಾಗಿ ಉಳಿದ ನೂರು ಕೆಡುತ್ತವೆ.

ವಾರವಾರವೂ ಮರಳಿ ಬರುವ ನಮೂದುಗಳ ಕಥೆ ಬೇರೆ. ನಮ್ಮ ಮನೆಯಲ್ಲಿ ಭಾನುವಾರ ರಾತ್ರಿ ಎಂಟೂವರೆಗೆ ಎಲ್ಲರೂ ಪರದೆಯಲ್ಲಿ ಸೇರುವ ರೂಢಿ. ನ್ಯೂಜೆರ್ಸಿಯ ಹುಡುಗ ಅದನ್ನು ತನ್ನ ಕ್ಯಾಲೆಂಡರಿನಲ್ಲಿ ತನ್ನೂರಿನ ಬೆಳಗಿನ ಹನ್ನೊಂದು ಎಂದು ನಮೂದಿಸಿ ಎಲ್ಲರಿಗೂ ಹಂಚಿದ್ದ. ಅಮೆರಿಕದಲ್ಲಿ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ಬ್ರಿಟನ್ನಿನಲ್ಲಿ ಅದೇ ಕೆಲಸ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು. ನವೆಂಬರ್ ಬಂದೊಡನೆ ಹುಡುಗನ ಹನ್ನೊಂದು ನಮಗೆ ರಾತ್ರಿಯ ಒಂಬತ್ತೂವರೆಯಾಯಿತು. ಒಂಬತ್ತಕ್ಕೆ ಮಲಗುವ ಚಿಕ್ಕಮ್ಮ ಎರಡು ವಾರ ಮೊಮ್ಮಗನ ಮುಖ ಕಾಣಲಿಲ್ಲ. ಯಾರ ಹೊತ್ತು ಅಲುಗಬಾರದೋ ಅವರ ಊರಿಗೆ ನಮೂದನ್ನು ಕಟ್ಟಿಹಾಕಬೇಕು. ಚಿಕ್ಕಮ್ಮನ ಎಂಟೂವರೆಯನ್ನು ಕೋಲ್ಕತಾಕ್ಕೆ ಕಟ್ಟಿದ ಮೇಲೆ, ಹುಡುಗನೇ ಚಳಿಗಾಲದಲ್ಲಿ ಹತ್ತಕ್ಕೂ ಬೇಸಿಗೆಯಲ್ಲಿ ಹನ್ನೊಂದಕ್ಕೂ ಬರುತ್ತಾನೆ.

ಹುಟ್ಟುಹಬ್ಬಕ್ಕೆ ಇದರ ವಿರುದ್ಧದ ಮದ್ದು. ಅದನ್ನು ಯಾವ ಊರಿಗೂ ಕಟ್ಟಬಾರದು. ನಮ್ಮ ನಡುರಾತ್ರಿಯಿಂದ ಎಂದು ಹೊತ್ತು ಹಾಕಿ ನಮೂದಿಸಿದರೆ ಲಂಡನ್ನಿನಲ್ಲಿ ಅದು ಹಿಂದಿನ ದಿನ ಸಂಜೆಯೇ ಆರಂಭವಾಗುತ್ತದೆ. 'ಇಡೀ ದಿನ' ಎಂಬುದನ್ನು ಆರಿಸಿಕೊಂಡರೆ ಕಡತದಲ್ಲಿ ತಾರೀಕಿನ ಎಂಟು ಅಂಕಿಗಳಷ್ಟೇ ಉಳಿಯುತ್ತವೆ. ಎಲ್ಲರಿಗೂ ಒಂದೇ ದಿನ.

ಇದು ಮನೆಯೊಳಗಿನ ಮುನಿಸಿಗಷ್ಟೇ ಮುಗಿಯುವ ವಿಷಯವೂ ಅಲ್ಲ. ನಮ್ಮ ನೆರೆಯ ಮನೆಯ ಮಗ ಕೊಲ್ಲಿಯಿಂದ ಬೆಂಗಳೂರಿಗೆ ಬಂದಿಳಿಯುವುದು ಮಧ್ಯಾಹ್ನ ಒಂದಕ್ಕೆಂದಿತ್ತು. ತಂದೆಯ ಫೋನಿಗೆ ಬಂದ ನಮೂದಿನಲ್ಲಿ ಅದು ಸಂಜೆ ಆರೂವರೆ. ಅದೇ ಐದೂವರೆ ಗಂಟೆ! ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರ ವರೆಗೆ ವಾಹನಗಳನ್ನು ತಡೆಯುವ ನಿರ್ಬಂಧವನ್ನು 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿದುದು ಗಡಿಯ ಈಚೆಗಿರುವ ನಮಗೆಲ್ಲ ಚೆನ್ನಾಗಿ ಗೊತ್ತು. ಒಂದಕ್ಕೇ ಹೊರಟಿದ್ದರೆ ಗೇಟು ಬೀಳುವ ಮೊದಲು ದಾಟಿ ಮುತ್ತಂಗ ಸೇರಬಹುದಿತ್ತು. ಕೈಗೂಸಿನೊಂದಿಗೆ ಬಂದ ಆ ದಂಪತಿಗಳು ಗುಂಡ್ಲುಪೇಟೆಯಲ್ಲಿ ಕಾರಿನೊಳಗೇ ಬೆಳಗು ಮಾಡಿದರು.

ಯಾವ ತಂತ್ರಾಂಶವೂ ತಿದ್ದಲಾರದ ಒಂದು ಸಂಗತಿ ಇನ್ನೂ ಇದೆ, ಅದು ತಿಥಿ. ಇಲ್ಲಿಯ ಸೂರ್ಯೋದಯಕ್ಕೆ ಗಣಿಸಿದ ಏಕಾದಶಿಯನ್ನು ಐದೂವರೆ ಗಂಟೆ ಹಿಂದಕ್ಕೆ ಸರಿಸಿದ ಮಾತ್ರಕ್ಕೆ ಅದು ಲಂಡನ್ನಿನ ಏಕಾದಶಿಯಾಗದು. ತಿಥಿಯ ಆರಂಭ ಮುಕ್ತಾಯಗಳು ಭೂಮಿಗೆಲ್ಲ ಒಂದೇ ಕ್ಷಣವಾದರೂ, ಆ ಕ್ಷಣ ಅವರ ಸೂರ್ಯೋದಯಕ್ಕೆ ಮೊದಲೋ ಅನಂತರವೋ ಎಂಬುದರ ಮೇಲೆ ಆಚರಣೆಯ ದಿನ ನಿಲ್ಲುತ್ತದೆ. ಅಲ್ಲಿದ್ದು ಅಲ್ಲಿಯೇ ಆಚರಿಸುವವರು ಅಲ್ಲಿಗೆ ಗಣಿಸಿದ ಪಂಚಾಂಗವನ್ನು ನೋಡಬೇಕು. ಇಲ್ಲಿಯ ಕಾರ್ಯವನ್ನು ದೂರದಿಂದ ನೋಡುವವರಿಗೆ ಮಾತ್ರ ಇಲ್ಲಿಯ ಹೊತ್ತು.

2024ರ ನವೆಂಬರಿನಲ್ಲಿ ಚಿಕ್ಕಪ್ಪನವರ ಮೊದಲ ವರ್ಷದ ಶ್ರಾದ್ಧ ಬಂತು. ದುಬಾಯಿಯ ತಮ್ಮ ಊರಿಗೆ ಬಂದಿದ್ದ. ಮಧ್ಯಾಹ್ನ ಹನ್ನೆರಡರ ನಮೂದನ್ನು ಕೋಲ್ಕತಾಕ್ಕೆ ಕಟ್ಟಿ, ಕಡತವನ್ನು ತೆರೆದು ಸಾಲು ಸಾಲಾಗಿ ಓದಿ, ಮೊದಲು ತಂಗಿಗೆ ಮಾತ್ರ ಕಳುಹಿಸಿದೆ. ಜೊತೆಗೆ ಕನ್ನಡದಲ್ಲಿ ಒಂದು ಸಾಲು: 'ನಮಗೆ ಮಧ್ಯಾಹ್ನ ಹನ್ನೆರಡು, ನಿನಗೆ ಬೆಳಿಗ್ಗೆ ಆರೂವರೆ, ನಿನ್ನ ಫೋನು ಬೇರೇನಾದರೂ ಹೇಳಿದರೆ ತಿಳಿಸು.' ಆರೂವರೆಯೆಂದೇ ತೋರಿಸುತ್ತಿದೆ ಎಂದು ಉತ್ತರ ಬಂತು. ಆ ದಿನ ಪುರೋಹಿತರು ದರ್ಭೆ ಜೋಡಿಸುತ್ತಿರುವಾಗಲೇ ತಂಗಿ ಪರದೆಯಲ್ಲಿ ಕಾಣಿಸಿಕೊಂಡಳು. ಅವಳ ಹಿಂದಿನ ಕಿಟಕಿಯಲ್ಲಿ ಇನ್ನೂ ಕತ್ತಲೆಯಿತ್ತು.