ಮೂಟೆ ಕಡಿಮೆ ಬಂದಾಗ ವಿಚಾರಿಸುವ ಬಗೆ



ಕೊಯ್ಲಿನ ಕಾಲದಲ್ಲಿ ಗೋದಾಮಿನ ಲೆಕ್ಕಕ್ಕೆ ಎರಡು ಮೂಟೆ ಕಾಫಿ ಕಡಿಮೆ ಬಂತೆಂದರೆ ನಮ್ಮ ಮೊದಲ ಮಾತು ಕಾವಲಿನವನ ಮೇಲೆ ಹೋಗುತ್ತದೆ. "ಎಲ್ಲಿಗೆ ಸಾಗಿಸಿದೆ, ನಿಜ ಹೇಳು" ಎಂದು ಗದರಿಸಿದ ಮೇಲೆ ನಿಜ ತಿಳಿಯುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ಕದ್ದವನು ಬಾಯಿ ಬಿಡುವುದಿಲ್ಲ. ಕದಿಯದವನು ಹೆದರಿ ತಡವರಿಸುತ್ತಾನೆ; ಆ ತಡವರಿಕೆಯನ್ನೇ ನಾವು ಕಳ್ಳತನದ ಗುರುತೆಂದು ತಿಳಿಯುತ್ತೇವೆ.

ಮುಖ ನೋಡಿ ಸುಳ್ಳು ಹಿಡಿಯಬಲ್ಲೆನೆಂಬ ನಂಬಿಕೆ ಅನೇಕರಿಗೆ ಉಂಟು (ಈ ಲೇಖಕನಿಗೂ ಇತ್ತು). ಬಾಂಡ್ ಮತ್ತು ಡಿಪೌಲೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇನ್ನೂರಕ್ಕೂ ಹೆಚ್ಚು ವರದಿಗಳನ್ನು ಕೂಡಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂಥ ಊಹೆ ಸರಿಯಾಗುವುದು ನೂರಕ್ಕೆ ಸುಮಾರು 54 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿ ಬಂದೀತು!

ಗದರಿಕೆಯಿಂದ ಬಂದ ಒಪ್ಪಿಗೆಯೂ ನಂಬತಕ್ಕದ್ದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1974ರಲ್ಲಿ ನಡೆದ ಬಾಂಬ್ ಸ್ಫೋಟಗಳಿಗಾಗಿ ಆರು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಅವರಲ್ಲಿ ನಾಲ್ವರು ಪೊಲೀಸರ ವಶದಲ್ಲಿ ತಪ್ಪೊಪ್ಪಿಗೆಗೆ ಸಹಿ ಮಾಡಿದ್ದರು. 1991ರಲ್ಲಿ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿ ಆರೂ ಜನರನ್ನು ಬಿಟ್ಟಿತು. ಇಂಥ ಪ್ರಕರಣಗಳ ತರುವಾಯ, 1990ರ ದಶಕದ ಆರಂಭದಲ್ಲಿ, ಅಲ್ಲಿನ ಪೊಲೀಸರು 'ಪೀಸ್' ಎಂಬ ವಿಚಾರಣಾ ಕ್ರಮವನ್ನು ಅಳವಡಿಸಿಕೊಂಡರು. ಒಪ್ಪಿಸುವುದು ಅದರ ಗುರಿಯಲ್ಲ; ನಡೆದದ್ದನ್ನು ಪೂರ್ತಿಯಾಗಿ ಹೇಳಿಸಿ, ಆಮೇಲೆ ತಾಳೆ ನೋಡುವುದು.

ಇದೇ ಕ್ರಮ ನಮ್ಮ ಕಣಕ್ಕೂ ಹೊಂದುತ್ತದೆ. ಮೊದಲು ತೂಕವನ್ನೇ ವಿಚಾರಿಸಿ. ಹಸಿಯಾಗಿದ್ದಾಗ ತೂಗಿದ ಮಾಲು ಒಣಗಿ ಇಳಿದಿರಬಹುದು, ರೈಟರು ಒಂದು ಸಾಲು ಬರೆಯಲು ಮರೆತಿರಬಹುದು. ಅದು ಸರಿಯಿದ್ದರೆ ಮಾತ್ರ ಜನರನ್ನು ಕರೆಯಿರಿ. ಒಬ್ಬೊಬ್ಬರನ್ನಾಗಿ, ಉಳಿದವರ ಎದುರಿಗಲ್ಲ. ಬೀಗದ ಕೈ ಮುಟ್ಟಿದವರೆಲ್ಲರನ್ನೂ ಕೇಳಬೇಕು, ನಮ್ಮ ಮನೆಯ ಹುಡುಗನನ್ನೂ ಬಿಡದೆ.

"ಶುಕ್ರವಾರ ಕಣಕ್ಕೆ ಬಂದಾಗಿನಿಂದ ಬೀಗ ಹಾಕುವ ತನಕ ಏನೇನು ನಡೆಯಿತು, ನಿಧಾನವಾಗಿ ಹೇಳಪ್ಪ" ಎಂದು ಕೇಳಿ ಸುಮ್ಮನಿರಿ. ನಡುವೆ ಬಾಯಿ ಹಾಕಬಾರದು. ಇದೇ ಕಷ್ಟದ ಕೆಲಸ, ಏಕೆಂದರೆ ಯಜಮಾನನಿಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ಅವನು ಮುಗಿಸಿದ ಮೇಲೆ ಅವನು ಹೇಳಿದ್ದರಿಂದಲೇ ಪ್ರಶ್ನೆ ತೆಗೆಯಿರಿ: "ಲಾರಿ ಬಂತು ಎಂದೆಯಲ್ಲ, ಆಗ ಅಲ್ಲಿ ಯಾರಿದ್ದರು?" ನಿಮಗೆ ಮೊದಲೇ ಗೊತ್ತಿರುವುದನ್ನು ಮುಂದಾಗಿ ಹೇಳಿಬಿಡಬೇಡಿ. ಯಾರೂ ನೋಡಿಲ್ಲದಿರುವಾಗ "ನಿನ್ನನ್ನು ನೋಡಿದವರಿದ್ದಾರೆ" ಎನ್ನಲೂ ಕೂಡದು.

ನಂಬಿಕೆಯ ಅಳತೆ ಕಣ್ಣು, ಬೆವರುಗಳಲ್ಲಿಲ್ಲ. ಹಾಜರಿ ಪುಸ್ತಕ, ಲಾರಿ ಚೀಟಿ, ಇತರರ ಮಾತು ಇವುಗಳೊಡನೆ ಹೋಲಿಸಬಹುದಾದ ವಿವರ ಅವನ ಮಾತಿನಲ್ಲಿದೆಯೇ, ಅದು ಕೂಡಿಬರುತ್ತದೆಯೇ ಎಂದು ನೋಡಬೇಕು. ಗಂಟೆಯಲ್ಲಿ ಸಣ್ಣ ವ್ಯತ್ಯಾಸ ಬಂದರೆ ಅದು ಸುಳ್ಳಲ್ಲ. ನೆನಪು ಇರುವುದೇ ಹಾಗೆ.

ಹೇಳಿದ್ದನ್ನು ಬರೆದು ಓದಿ ಹೇಳಿ. ಬಲವಂತದ ಸಹಿ, ಕೂಡಿಹಾಕುವುದು ನಮ್ಮ ಅಧಿಕಾರಕ್ಕೆ ಸೇರಿದ್ದಲ್ಲ. ಒಪ್ಪಿಗೆಯಿಲ್ಲದೆ ಸುಳ್ಳು ಪತ್ತೆ ಯಂತ್ರದ ಪರೀಕ್ಷೆ ಮಾಡಬಾರದೆಂದು ಸುಪ್ರೀಂ ಕೋರ್ಟು 2010ರಲ್ಲಿ, ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ, ಪೊಲೀಸರಿಗೇ ವಿಧಿಸಿದೆ. ಅನುಮಾನ ಉಳಿದರೆ ಠಾಣೆಗೆ ದೂರು ಕೊಡಿ. ಮೂಟೆ ಬೇರೆ ರಾಶಿಯಲ್ಲಿ ಸಿಕ್ಕಿದರೆ, ಅನುಮಾನದ ಸುದ್ದಿ ಕೇಳಿದ್ದ ಅಷ್ಟೂ ಜನರ ಎದುರಿನಲ್ಲಿ ಅದನ್ನು ತಿಳಿಸಿ.