ತಾತ್ಕಾಲಿಕ ಬೇಲಿಯೂ ಗಾಳಿಯ ಲೆಕ್ಕವೂ



ಆಷಾಢ ಬಂತೆಂದರೆ ದೊಡ್ಡಬಳ್ಳಾಪುರದ ಬಯಲುಗಳಲ್ಲಿ ಗಾಳಿಪಟಗಳು ಮೇಲೇರುತ್ತವೆ. ಒಂದು ತೆಳು ಹಾಳೆ, ಎರಡು ಬಿದಿರ ಕಡ್ಡಿ, ಒಂದು ದಾರ. ಇಷ್ಟೇ ಅದರ ಸಾಮಗ್ರಿ. ಗಾಳಿ ಹಾಳೆಯನ್ನು ತಳ್ಳುತ್ತದೆ, ದಾರ ಅದನ್ನು ಹಿಡಿದೆಳೆಯುತ್ತದೆ. ದಾರ ಕಡಿದರೆ ಪಟ ಎಲ್ಲಿ ಬೀಳುತ್ತದೋ ಹೇಳಲಾಗದು. ಈಗ ಆ ಹಾಳೆಯ ಬದಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಕಬ್ಬಿಣದ ತಗಡನ್ನು ಊಹಿಸಿಕೊಳ್ಳಿ. ಅದನ್ನು ನೀವು ದಿನವೂ ನೋಡುತ್ತೀರಿ. ಕಟ್ಟಡದ ಕೆಲಸ ನಡೆಯುವ ಜಾಗದ ಸುತ್ತ, ರಸ್ತೆಯ ಅಂಚಿನಲ್ಲಿ, ನೀವು ಬಸ್ಸಿಗಾಗಿ ಕಾಯುವ ಕಡೆಯಲ್ಲೇ ಅದು ಬೇಲಿಯಾಗಿ ನಿಂತಿರುತ್ತದೆ. ಅದರ ‘ದಾರ’ ಎಲ್ಲಿದೆ, ಎಷ್ಟು ಗಟ್ಟಿಯಾಗಿದೆ ಎಂಬುದೇ ಈ ಲೇಖನದ ವಿಷಯ.

ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಕೆಲಸ ಆರಂಭಿಸಿತು. 2019ರಲ್ಲಿ ಅಲ್ಲಿ ಎರಡನೆಯ ರನ್‌ವೇ ಬಂತು. 2022ರ ನವೆಂಬರಿನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು. ಇದರ ಜೊತೆಗೆ ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲೂ ಕೈಗಾರಿಕಾ ಪ್ರದೇಶ, ಗೋದಾಮು, ವರ್ತುಲ ರಸ್ತೆ, ಬಡಾವಣೆಗಳ ಕೆಲಸ ವರ್ಷಗಳಿಂದ ನಡೆದಿದೆ. ಇಂಥ ಪ್ರತಿಯೊಂದು ಜಾಗದಲ್ಲೂ ಮೊದಲು ಏಳುವುದು ಬೇಲಿ. ಕೊನೆಗೆ ತೆಗೆಯುವುದೂ ಅದನ್ನೇ. ಪಾಯದ ಗುಂಡಿಗೆ ಮಕ್ಕಳೂ ದನಕರುಗಳೂ ಬೀಳದಂತೆ ತಡೆಯುವುದು, ಒಳಗಿನ ಧೂಳು ಮತ್ತು ಸಾಮಾನು ಹೊರಗೆ ಹಾರದಂತೆ ನೋಡಿಕೊಳ್ಳುವುದು, ಕಳ್ಳತನ ತಪ್ಪಿಸುವುದು ಅದರ ಕೆಲಸ. ಆದರೆ ಕಟ್ಟಡಕ್ಕೆ ಇಂಜಿನಿಯರ್ ಲೆಕ್ಕ ಹಾಕುತ್ತಾರೆ. ಬೇಲಿಯನ್ನು ಮಾತ್ರ ‘ನಾಲ್ಕು ದಿನದ್ದು ತಾನೇ’ ಎಂದು ಕಣ್ಣಳತೆಯಲ್ಲಿ ನಿಲ್ಲಿಸುವುದು ಸಾಮಾನ್ಯ. ತೊಂದರೆ ಹುಟ್ಟುವುದು ಇಲ್ಲಿಯೇ.

ನಮ್ಮ ಸೀಮೆಯ ಗಾಳಿ

ಈ ಪ್ರದೇಶ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲು. ಇಲ್ಲಿ ಗಾಳಿಗೆ ಎರಡು ಕಾಲಗಳಿವೆ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಪಡುವಣ ಗಾಳಿ ದಿನಗಟ್ಟಲೆ ಬಿಡದೆ ಬೀಸುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಗಾಳಿಯ ರೀತಿ ಬೇರೆ. ಮಧ್ಯಾಹ್ನದವರೆಗೆ ಎಲೆಯೂ ಅಲುಗದ ಸೆಕೆ. ಸಂಜೆ ಕಪ್ಪು ಮೋಡ. ಮಳೆಗೆ ಮೊದಲೇ ಧೂಳೆಬ್ಬಿಸುವ ಬಿರುಗಾಳಿ.

ಬಿಸಿಲಿಗೂ ಈ ಬಿರುಗಾಳಿಗೂ ಏನು ಸಂಬಂಧ? ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ; ಗುಡುಗಿನ ಮೋಡ ಕಟ್ಟುತ್ತದೆ. ಮೋಡದಿಂದ ಬೀಳುವ ಹನಿಗಳಲ್ಲಿ ಕೆಲವು ದಾರಿಯಲ್ಲೇ ಆವಿಯಾಗಿ ಸುತ್ತಲ ಗಾಳಿಯನ್ನು ತಣ್ಣಗಾಗಿಸುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಧುಮುಕುತ್ತದೆ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಹಾಗಾಗಿ ಅದು ಯಾವ ದಿಕ್ಕಿನಿಂದಲಾದರೂ ಬರಬಹುದು. ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದು 2016ರ ಏಪ್ರಿಲ್ 24ರಂದು. ಸುಡುಬಿಸಿಲಿನ ತಿಂಗಳೇ ಹಠಾತ್ ಗಾಳಿಯ ತಿಂಗಳೂ ಹೌದು ಎಂಬುದನ್ನು ನೆನಪಿಡಿ.

ಗಾಳಿ ಎಷ್ಟು ತಳ್ಳುತ್ತದೆ?

ಗಾಳಿಯ ಒತ್ತಡವನ್ನು ತಿಳಿಯಲು ಒಂದು ಸರಳ ಸೂತ್ರವಿದೆ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದುಕೊಳ್ಳಿ. ಅದರ ವರ್ಗವನ್ನು 0.6ರಿಂದ ಗುಣಿಸಿ. ಬರುವ ಉತ್ತರ, ಪ್ರತಿ ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂದು. ಚಪ್ಪಟೆ ತಗಡಿನ ಹಿಂದೆ ಗಾಳಿ ಸುಳಿಯಾಗಿ ಎಳೆಯುವುದರಿಂದ ಇದನ್ನು ಮತ್ತೆ ಸುಮಾರು 1.2ರಿಂದ ಗುಣಿಸಬೇಕು.

ನಮ್ಮ ತಗಡು ಆರು ಚದರ ಮೀಟರ್. ಗಾಳಿ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದರೆ ಅದರ ಮೇಲೆ ಬೀಳುವ ಬಲ 432 ನ್ಯೂಟನ್. ಸುಮಾರು 44 ಕಿಲೋ ತೂಕದಷ್ಟು. ವೇಗ ಎರಡರಷ್ಟಾಗಿ ಗಂಟೆಗೆ 72 ಕಿಲೋಮೀಟರ್ ಆದರೆ ಬಲ ಎರಡರಷ್ಟಲ್ಲ, ನಾಲ್ಕರಷ್ಟು: ಸುಮಾರು 176 ಕಿಲೋ. ಅರ್ಧ ಮಿಲಿಮೀಟರ್ ದಪ್ಪದ ಆ ತಗಡಿನ ತೂಕವೋ 24 ಕಿಲೋ ಮಾತ್ರ. ತನ್ನ ತೂಕದ ಏಳರಷ್ಟು ಬಲವನ್ನು ಅದು ತಡೆಯಬೇಕು. ತನ್ನ ಭಾರದಿಂದ ಅದು ನಿಲ್ಲಲಾರದು. ಕಂಬ ಮತ್ತು ಆಸರೆಗಳೇ ಅದನ್ನು ನಿಲ್ಲಿಸಬೇಕು.

‘ತಾತ್ಕಾಲಿಕ’ಕ್ಕೆ ಎಷ್ಟು ರಿಯಾಯಿತಿ?

ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 875 ಎಂಬ ಸಂಹಿತೆಯ ಮೂರನೆಯ ಭಾಗ ಗಾಳಿಯ ಭಾರವನ್ನು ಕುರಿತದ್ದು. ಬೆಂಗಳೂರಿಗೆ ಅದು ಸೂಚಿಸುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಇದು ದಿನನಿತ್ಯದ ಗಾಳಿಯಲ್ಲ; ಐವತ್ತು ವರ್ಷಗಳಲ್ಲಿ ಸರಾಸರಿ ಒಮ್ಮೆ ಕಾಣಬಹುದಾದ ಕ್ಷಣಿಕ ಬೀಸು.

ಐದು ವರ್ಷ ಬಾಳುವ ತಾತ್ಕಾಲಿಕ ರಚನೆಗಳಿಗೂ ಸಂಹಿತೆಯಲ್ಲಿ ಸ್ಥಾನವಿದೆ. ಅವುಗಳಿಗೆ ಈ ವೇಗವನ್ನು 0.82ರಿಂದ ಗುಣಿಸಬಹುದು. ಆಗ ಬರುವುದು ಸೆಕೆಂಡಿಗೆ 27 ಮೀಟರ್. ಬಲವು ವೇಗದ ವರ್ಗಕ್ಕೆ ಅನುಗುಣವಾದ್ದರಿಂದ 0.82ರ ವರ್ಗ, ಅಂದರೆ 0.67ರಷ್ಟು ಬಲ ಉಳಿಯುತ್ತದೆ. ಹೀಗೆ ‘ತಾತ್ಕಾಲಿಕ’ ಎಂಬ ಮಾತಿಗೆ ಸಿಗುವ ರಿಯಾಯಿತಿ ಮೂರನೇ ಒಂದು ಭಾಗ ಮಾತ್ರ. ಉಳಿದ ಎರಡು ಭಾಗವನ್ನು ಬೇಲಿ ಹೊರಲೇಬೇಕು. ಬೇಲಿ ನಾಲ್ಕು ದಿನದ್ದಾದರೂ, ಆ ನಾಲ್ಕು ದಿನದಲ್ಲಿ ಬಿರುಗಾಳಿ ಬರುವುದಿಲ್ಲ ಎನ್ನುವ ಖಾತರಿ ಯಾರು ಕೊಡುತ್ತಾರೆ?

ಆಸರೆಯ ಲೆಕ್ಕ

ಬೇಲಿ ರಸ್ತೆಯ ಕಡೆಗೆ ಬೀಳದಂತೆ ಒಳಬದಿಯಿಂದ ಓರೆಯಾಗಿ ಒಂದು ಆಸರೆ ಕಂಬ ಕಟ್ಟಿ, ಅದರ ಬುಡದ ಮೇಲೆ ಮರಳಿನ ಚೀಲ ಇಡುವುದುಂಟು. ಎಷ್ಟು ಚೀಲ ಬೇಕು? ಸನ್ನೆಕೋಲಿನ ಪಾಠವನ್ನು ನೆನಪಿಸಿಕೊಳ್ಳಿ. ಗಂಟೆಗೆ 72 ಕಿಲೋಮೀಟರ್ ಗಾಳಿಯ 176 ಕಿಲೋ ಬಲ ತಗಡಿನ ನಡುಮಧ್ಯದಲ್ಲಿ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ತಳ್ಳುತ್ತದೆ. ಆಸರೆಯ ಬುಡ ಬೇಲಿಯಿಂದ ಒಂದೂವರೆ ಮೀಟರ್ ಹಿಂದಿದ್ದರೆ, ಅಲ್ಲಿ ಸುಮಾರು 117 ಕಿಲೋ ಬೇಕು. ಅಂದರೆ 50 ಕಿಲೋ ತೂಗುವ ಮೂರು ಚೀಲ. ಜಾಗ ಸಾಲದೆಂದು ಬುಡವನ್ನು ಮುಕ್ಕಾಲು ಮೀಟರಿಗೆ ತಂದರೆ ಐದು ಚೀಲ ಬೇಕಾಗುತ್ತದೆ. ಒಂದೇ ಚೀಲ ಇಟ್ಟು ಕೈತೊಳೆದುಕೊಂಡ ಬೇಲಿ ಸಾಧಾರಣ ಗಾಳಿಗೆ ನಿಲ್ಲುತ್ತದೆ. ಅದರಿಂದಲೇ ಜನರಿಗೆ ಸುಳ್ಳು ಧೈರ್ಯ ಬರುತ್ತದೆ.

ಎತ್ತರ ಹೆಚ್ಚಿಸುವಾಗ ಇನ್ನೂ ಎಚ್ಚರ ಬೇಕು. ಎತ್ತರ ಇಮ್ಮಡಿಯಾದರೆ ಬಲವೂ ಇಮ್ಮಡಿ, ಅದು ತಳ್ಳುವ ಎತ್ತರವೂ ಇಮ್ಮಡಿ. ಹಾಗಾಗಿ ಉರುಳಿಸುವ ಶಕ್ತಿ ನಾಲ್ಕರಷ್ಟಾಗುತ್ತದೆ.

ಕಂಬಗಳನ್ನು ನೆಲದಲ್ಲಿ ಹೂಳಿದ್ದರೆ ಅವೂ ಭಾರ ಹೊರುತ್ತವೆ. ಆದರೆ ನಮ್ಮ ಕೆಮ್ಮಣ್ಣು ಬೇಸಗೆಯಲ್ಲಿ ಕಲ್ಲಿನಂತಿದ್ದು, ಮಳೆಗೆ ಮೆತ್ತಗಾಗುತ್ತದೆ. ಫೆಬ್ರವರಿಯಲ್ಲಿ ಅಲುಗಾಡದೆ ನಿಂತಿದ್ದ ಸರ್ವೆ ಕಂಬ ಜೂನ್‌ನಲ್ಲಿ ವಾಲುವುದು ಇದರಿಂದಲೇ. ಮೊದಲ ಮಳೆಯ ಮರುದಿನ ಕಂಬದ ಬುಡ ನೋಡುವ ಮೇಸ್ತ್ರಿ ಜಾಣ.

ತಗಡೋ, ಬಲೆಯೋ?

ಈ ಸೀಮೆಯ ರೈತರು ತೋಟದ ಅಂಚಿಗೆ ಸರ್ವೆ ಮರದ ಸಾಲು ಬೆಳೆಸುತ್ತಾರೆ. ಕರಾವಳಿಯಲ್ಲಿ ಇದನ್ನೇ ಗಾಳಿಮರ ಎನ್ನುತ್ತಾರೆ. ಆ ಸಾಲು ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ, ಸೋಸಿ ಬಿಡುತ್ತದೆ. ಸುಮಾರು ಅರ್ಧದಷ್ಟು ತೆರಪಿರುವ ತಡೆಯ ಹಿಂದೆ, ಅದರ ಎತ್ತರದ ಹತ್ತರಷ್ಟು ದೂರದವರೆಗೂ ಗಾಳಿ ತಗ್ಗಿರುತ್ತದೆ. ಪೂರ್ತಿ ಮುಚ್ಚಿದ ಗೋಡೆಯಾದರೋ ಗಾಳಿಯನ್ನು ಮೇಲಕ್ಕೆತ್ತಿ ಹಿಂದೆ ಸುಳಿ ಎಬ್ಬಿಸುತ್ತದೆ. ಆ ಸುಳಿ ಧೂಳನ್ನು ಮತ್ತೆ ಎತ್ತುತ್ತದೆ.

ಹೂವಿನ ತೋಟಗಳಲ್ಲಿ ನೀವು ನೋಡಿರುವ ಹಸಿರು ನೆರಳು ಬಲೆಯನ್ನು ಬೇಲಿಗೂ ಬಳಸುವುದು ಈ ಕಾರಣಕ್ಕೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೆಣಿಗೆ ಬಿಗಿಯಾದಷ್ಟೂ ಗಾಳಿಯ ಹೊಡೆತ ಹೆಚ್ಚು, ಸಡಿಲವಾದಷ್ಟೂ ಧೂಳಿನ ತಡೆ ಕಡಿಮೆ. ಆದರೆ ಹಾರಿ ಬರುವ ಜಲ್ಲಿಕಲ್ಲನ್ನು ಬಲೆ ತಡೆಯದು. ಗುಂಡಿಯ ಅಂಚಿನಲ್ಲಿ ಮನುಷ್ಯನ ಭಾರವನ್ನೂ ತಾಳದು. ಆದ್ದರಿಂದ ಜನ ಓಡಾಡುವ ಕಡೆ ಗಟ್ಟಿ ಆಸರೆಯ ತಗಡು, ಬಯಲಿನ ಕಡೆ ಬಲೆ, ಅಥವಾ ಕೆಳಗೆ ತಗಡು ಮೇಲೆ ಬಲೆ ಎಂದು ಜಾಗ ನೋಡಿ ಆರಿಸಬೇಕು. ಬಲೆಯ ಮೇಲೆ ಫ್ಲೆಕ್ಸ್ ಬ್ಯಾನರ್ ಕಟ್ಟಿದರೆ ಅದು ಆ ಕ್ಷಣದಿಂದಲೇ ಹಾಯಿಯಾಗಿಬಿಡುತ್ತದೆ.

ಧೂಳಿನ ಮಾತೂ ಸಣ್ಣದಲ್ಲ. ಗಾಳಿಯಲ್ಲಿನ ಧೂಳು ಮಿತಿ ಮೀರಿದ ನಗರಗಳಲ್ಲಿ, ಕಟ್ಟಡದ ಎತ್ತರದ ಮೂರನೇ ಒಂದರಷ್ಟು, ಗರಿಷ್ಠ 10 ಮೀಟರ್ ಎತ್ತರದ ಗಾಳಿತಡೆ ಇರಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಅಷ್ಟು ಎತ್ತರದ ತಡೆಗೆ ಎಂಥ ಆಸರೆ ಬೇಕೆಂದು ಮೇಲಿನ ಲೆಕ್ಕದಿಂದ ನೀವೇ ಊಹಿಸಬಹುದು.

ಬಿಸಿಲು ಮಾಡುವ ಕೆಲಸ

ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನ 60 ಡಿಗ್ರಿಗೆ ಕಾದ 30 ಮೀಟರ್ ಉದ್ದದ ಕಬ್ಬಿಣದ ತಗಡಿನ ಸಾಲು ಸುಮಾರು 14 ಮಿಲಿಮೀಟರ್ ಹಿಗ್ಗುತ್ತದೆ. ರಾತ್ರಿ ಮತ್ತೆ ಕುಗ್ಗುತ್ತದೆ. ಹಿಗ್ಗಲು ಎಡೆ ಬಿಡದಿದ್ದರೆ ತಗಡು ಉಬ್ಬುತ್ತದೆ, ಬೋಲ್ಟಿನ ತೂತುಗಳು ದಿನದಿನಕ್ಕೂ ಅಗಲವಾಗುತ್ತವೆ. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ ಬಲೆಯನ್ನೂ ಹಗ್ಗವನ್ನೂ ಪೆಡಸಾಗಿಸುತ್ತದೆ. ಹೀಗೆ ಬೇಸಗೆ ಪೂರ್ತಿ ಸಡಿಲಗೊಂಡ ಬೇಲಿಯ ಮೇಲೆಯೇ ಮೇ ತಿಂಗಳ ಬಿರುಗಾಳಿ ಎರಗುತ್ತದೆ.

ಎರಡು ಘಟನೆಗಳು

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ, ವಿಮಾನ ನಿಲ್ದಾಣದ ಕಡೆಗೆ ಸಾಗುವ ಮೆಟ್ರೋ ಮಾರ್ಗದ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಪಂಜರ ರಸ್ತೆಗೆ ಉರುಳಿ, ತಾಯಿ ಮತ್ತು ಆಕೆಯ ಪುಟ್ಟ ಮಗ ತೀರಿಕೊಂಡರು. ಕಾಂಕ್ರೀಟು ತುಂಬುವವರೆಗೆ ಮಾತ್ರ ಹಾಗೆ ನಿಲ್ಲಬೇಕಾಗಿದ್ದ ಪಂಜರ ಅದು. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರ್‌ನಲ್ಲಿ ಧೂಳು ಬಿರುಗಾಳಿಗೆ ಬೃಹತ್ ಜಾಹೀರಾತು ಫಲಕ ಪೆಟ್ರೋಲ್ ಬಂಕಿನ ಮೇಲೆ ಕುಸಿದು 17 ಮಂದಿ ಸತ್ತರು. ಇವೆರಡೂ ಬೇಲಿಗಳಲ್ಲ. ಆದರೆ ಮೊದಲನೆಯದು ತಾತ್ಕಾಲಿಕವಾಗಿ ನಿಂತದ್ದರ ಅಪಾಯವನ್ನೂ, ಎರಡನೆಯದು ಚಪ್ಪಟೆ ಹಲಗೆಯ ಮೇಲೆ ಗಾಳಿಯ ಬಲವನ್ನೂ ತೋರಿಸುತ್ತವೆ. ರಸ್ತೆ ಬದಿಯ ತಗಡು ಬೇಲಿಯಲ್ಲಿ ಈ ಎರಡೂ ಸೇರಿರುತ್ತವೆ.

ನೀವು ಗಮನಿಸಬೇಕಾದದ್ದು

ಬಿರುಗಾಳಿ ಎದ್ದಾಗ ತಗಡು ಬೇಲಿಯ ಮರೆಗೆ ನಿಲ್ಲಬೇಡಿ. ಗಾಳಿಯಿಂದ ತಪ್ಪಿಸಿಕೊಳ್ಳಲು ಅದು ಒಳ್ಳೆಯ ಜಾಗವೆಂದು ಕಾಣುತ್ತದೆ. ಬೀಳುವುದೂ ಆ ಕಡೆಗೇ. ಬೇಲಿಯ ಎತ್ತರಕ್ಕಿಂತ ಹೆಚ್ಚು ದೂರ ಸರಿದು ಗಟ್ಟಿ ಕಟ್ಟಡದ ಒಳಗೆ ಹೋಗಿ. ದಿನವೂ ಹೋಗುವ ದಾರಿಯಲ್ಲಿ ಕಂಬ ವಾಲಿದ್ದರೆ, ತಗಡು ಪಟಪಟ ಬಡಿಯುತ್ತಿದ್ದರೆ, ಒಳಗಿನ ಮರಳು ಅಥವಾ ಜಲ್ಲಿಯ ರಾಶಿ ಬೇಲಿಗೆ ಒರಗಿದ್ದರೆ ಅದನ್ನು ನಿಮ್ಮ ಅಧ್ಯಾಪಕರಿಗೆ, ಕೆಲಸದ ಮೇಸ್ತ್ರಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮ್ಮಲ್ಲಿದೆ. ಕಾಯಬೇಕಾದ ಬೇಲಿಯೇ ದಾರಿಹೋಕರ ಮೇಲೆ ಬೀಳಬಾರದು.

ಮಾಡಿ ನೋಡಿ

ಒಂದೇ ಅಳತೆಯ ಎರಡು ರಟ್ಟುಗಳನ್ನು ತೆಗೆದುಕೊಂಡು ಒಂದರಲ್ಲಿ ಸಮನಾಗಿ ತೂತುಗಳನ್ನು ಕೊರೆಯಿರಿ. ಎರಡಕ್ಕೂ ಹಿಂದೆ ಕಡ್ಡಿಯ ಆಸರೆ ಅಂಟಿಸಿ, ಆಸರೆ ನಿಮ್ಮ ಟೇಬಲ್ ಫ್ಯಾನಿನ ಕಡೆಗಿರುವಂತೆ ನಿಲ್ಲಿಸಿ. ಆಸರೆಯ ಬುಡದ ಮೇಲೆ ನಾಣ್ಯಗಳನ್ನು ಒಂದೊಂದಾಗಿ ಇಡುತ್ತ, ಬೀಳದೆ ನಿಲ್ಲಲು ಯಾವುದಕ್ಕೆ ಎಷ್ಟು ನಾಣ್ಯ ಬೇಕೆಂದು ಎಣಿಸಿ. ಅನಂತರ ಆಸರೆಯನ್ನು ಗಿಡ್ಡ ಮಾಡಿ ಮತ್ತೆ ಎಣಿಸಿ.

ಪ್ರಶ್ನೆಗಳು

1. ಗಾಳಿಯ ವೇಗ ಮೂರರಷ್ಟಾದರೆ ಬೇಲಿಯ ಮೇಲಿನ ಬಲ ಎಷ್ಟರಷ್ಟಾಗುತ್ತದೆ?
2. ಸೆಕೆಂಡಿಗೆ 27 ಮೀಟರ್ ಗಾಳಿಗೆ ನಮ್ಮ ತಗಡಿನ ಆಸರೆಯ ಮೇಲೆ, ಬುಡ ಒಂದೂವರೆ ಮೀಟರ್ ದೂರದಲ್ಲಿದ್ದಾಗ, ಎಷ್ಟು ಚೀಲ ಮರಳು ಬೇಕು?
3. ನಿಮ್ಮ ಊರಿನ ಒಂದು ತಾತ್ಕಾಲಿಕ ಬೇಲಿಯನ್ನು ದೂರದಿಂದ ನೋಡಿ, ಗಾಳಿಗೆ ಅದರ ದುರ್ಬಲ ಜಾಗ ಯಾವುದೆಂದು ಬರೆಯಿರಿ.